ಈ ತಮಾಷೆ ಬ್ಯಾಡ್ಜ್ ನಿಜವಾಗಿ ಎಷ್ಟು ಹಳೆಯದು?

ಪ್ರಶ್ನೆ: ಅಮೆರಿಕದ ಹಳೆಯ ತಮಾಷೆ ಬ್ಯಾಡ್ಜ್‌ಗಳನ್ನು ಕೂಡಿಡಲು ಶುರು ಮಾಡಿದ್ದೇನೆ. ದುಂಡನೆಯ ತಗಡಿನವು, ಹಿಂದೆ ಪಿನ್ ಇರುವಂಥವು. ಮಾರುವವರು ಎಲ್ಲದಕ್ಕೂ 'ನೂರು ವರ್ಷ ಹಳೆಯದು' ಅನ್ನುತ್ತಾರೆ. ಬ್ಯಾಡ್ಜ್ ಮೇಲೆ ಇಸವಿ ಇರುವುದಿಲ್ಲ. ನಿಜವಾದ ವಯಸ್ಸನ್ನು ಕಂಡುಹಿಡಿಯುವುದು ಹೇಗೆ?

ಮೊದಲು ಅದನ್ನು ತಿರುಗಿಸಿ ನೋಡಿ. ಈ ಹವ್ಯಾಸಕ್ಕೆ ಹೊಸದಾಗಿ ಬಂದವರೆಲ್ಲ ಮುಂದಿನ ಚಿತ್ರವನ್ನೇ ನೋಡುತ್ತಾ ಕೂರುತ್ತಾರೆ. ಹಳಬರು ಮಾತ್ರ ಕೈಗೆ ಬಂದ ಕೂಡಲೇ ಬೆನ್ನು ನೋಡುತ್ತಾರೆ, ಆಮೇಲೆ ಅಂಚು, ಕೊನೆಗೆ ಮುಖ. ಮುಖವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಬೆನ್ನನ್ನೂ ಸರಿಯಾಗಿ ನಕಲು ಮಾಡುವಷ್ಟು ತಾಳ್ಮೆ ಇರುವವರು ಕಡಿಮೆ, ಅದರಲ್ಲೂ ಒಂದು ಸಣ್ಣ ಜೋಕಿನ ಬ್ಯಾಡ್ಜ್‌ಗೋಸ್ಕರ ಯಾರು ಅಷ್ಟು ಕಷ್ಟಪಡುತ್ತಾರೆ, ಅಲ್ವಾ?

ಒಂದು ಗಡಿ ಇಟ್ಟುಕೊಳ್ಳಿ: 1896. ಅದಕ್ಕೂ ಹಿಂದೆ ಎದೆಗೆ ಏನೂ ಸಿಕ್ಕಿಸಿಕೊಳ್ಳುತ್ತಿರಲಿಲ್ಲ ಅಂತಲ್ಲ. 1789ರಲ್ಲಿ ಜಾರ್ಜ್ ವಾಷಿಂಗ್ಟನ್ ಅಧಿಕಾರ ವಹಿಸಿಕೊಂಡಾಗ ಜನ ಹಿತ್ತಾಳೆಯ ಗುಂಡಿಗಳನ್ನು ಕೋಟಿಗೆ ಹೊಲಿಸಿಕೊಂಡಿದ್ದರು. 1860ರಲ್ಲಿ ಲಿಂಕನ್ ಫೋಟೋ ಇದ್ದ ಪುಟ್ಟ ತಗಡಿನ ಬಿಲ್ಲೆಗಳು ಬಂದವು. ಆದರೆ ನಿಮ್ಮ ಹತ್ತಿರ ಇರುವಂಥ ಬ್ಯಾಡ್ಜ್ ಹುಟ್ಟಿದ್ದು ನ್ಯೂಜೆರ್ಸಿಯ ನ್ಯೂಅರ್ಕ್‌ನಲ್ಲಿ, ವೈಟ್‌ಹೆಡ್ ಅಂಡ್ ಹೋಗ್ ಅನ್ನುವ ಕಂಪನಿಯಿಂದ. ಬಾಸ್ಟನ್‌ನ ಅಮಾಂಡಾ ಲೂಜಿ ಅನ್ನುವ ಮಹಿಳೆಯ ಪೇಟೆಂಟನ್ನು ಅವರು ಕೊಂಡುಕೊಂಡರು, ಹಿಂದಿನ ಪಿನ್‌ಗೆ 1896ರಲ್ಲಿ ಬೇರೆ ಪೇಟೆಂಟ್ ಪಡೆದರು. ಅದೇ ವರ್ಷ ಮೆಕಿನ್ಲಿ ಮತ್ತು ಬ್ರಯನ್ ನಡುವೆ ಅಧ್ಯಕ್ಷ ಚುನಾವಣೆ ಬಂತು, ಅಲ್ಲಿಂದ ಬ್ಯಾಡ್ಜ್ ದೇಶದ ತುಂಬಾ ಹರಡಿತು. ಹಾಗಾಗಿ ಸೆಲ್ಯುಲಾಯ್ಡ್ (ಹಳೇ ಕಾಲದ ಒಂದು ಬಗೆಯ ಪ್ಲಾಸ್ಟಿಕ್) ಹೊದಿಕೆಯ ಪಿನ್ ಬ್ಯಾಡ್ಜ್ ತೋರಿಸಿ '1880ರದು' ಅಂದರೆ ನಕ್ಕು ಮುಂದೆ ಹೋಗಿ.

ಒಳಗಿನ ಕಟ್ಟು ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ. ಕೆಳಗೆ ತಗಡಿನ ಬಿಲ್ಲೆ, ಅದರ ಮೇಲೆ ಮುದ್ರಿಸಿದ ಕಾಗದ, ಕಾಗದದ ಮೇಲೆ ಗಾಜಿನ ಹಾಗೆ ಕಾಣುವ ತೆಳು ಸೆಲ್ಯುಲಾಯ್ಡ್ ಹಾಳೆ. ಇವೆಲ್ಲದರ ಅಂಚನ್ನು ಹಿಂದಕ್ಕೆ ಮಡಚಿ, ಲೋಹದ ಒಂದು ಉಂಗುರದಿಂದ ಬಿಗಿ ಮಾಡುತ್ತಿದ್ದರು. ಆ ಉಂಗುರದೊಳಗೆ ಒಂದೇ ತಂತಿಯನ್ನು ಬಗ್ಗಿಸಿ ಕೂರಿಸಿದರೆ ಅದೇ ಪಿನ್. ಬೆನ್ನಿನ ಟೊಳ್ಳಿನಲ್ಲಿ ಎಷ್ಟೋ ಸಲ ಒಂದು ದುಂಡು ಕಾಗದ ಇಟ್ಟಿರುತ್ತಿದ್ದರು. ಅದರ ಮೇಲೆ ಕಂಪನಿಯ ಹೆಸರು, ಊರು, ಪೇಟೆಂಟ್ ತಾರೀಖುಗಳು, ಕೆಲವೊಮ್ಮೆ ಬ್ಯಾಡ್ಜ್ ಹಂಚಿದವರ ಜಾಹೀರಾತು.

ಇಲ್ಲೇ ಜಾಸ್ತಿ ಜನ ಎಡವುವುದು. ಬೆನ್ನ ಕಾಗದದಲ್ಲಿ '1894', '1896' ಅಂತ ಕಂಡ ಕೂಡಲೇ ಮಾರುವವರು ಅದನ್ನೇ ಬ್ಯಾಡ್ಜ್‌ನ ವರ್ಷ ಅಂದುಬಿಡುತ್ತಾರೆ. ಅದು ಪೇಟೆಂಟ್ ಸಿಕ್ಕ ದಿನ, ಬ್ಯಾಡ್ಜ್ ಮಾಡಿದ ದಿನ ಅಲ್ಲ. ಅದೇ ತಾರೀಖುಗಳನ್ನು ಕಂಪನಿ ವರ್ಷಗಟ್ಟಲೆ ಅಚ್ಚು ಹಾಕಿಸುತ್ತಲೇ ಇತ್ತು. ಅಂದರೆ ಆ ಕಾಗದದಿಂದ 'ಇದಕ್ಕಿಂತ ಹಿಂದಿನದಲ್ಲ' ಅಂತ ಗೊತ್ತಾಗುತ್ತದೆ, ಅಷ್ಟೇ. ವಿಳಾಸವೂ ಹೀಗೆಯೇ ಸಹಾಯ ಮಾಡುತ್ತದೆ. ಅಮೆರಿಕದಲ್ಲಿ ಐದು ಅಂಕಿಯ ಜಿಪ್ ಕೋಡ್, ಅಂದರೆ ನಮ್ಮ ಪಿನ್‌ಕೋಡ್ ಇದ್ದ ಹಾಗೆ, ಬಂದದ್ದು 1963ರಲ್ಲಿ. ಅಂಚಿನಲ್ಲೋ ಬೆನ್ನಲ್ಲೋ ತಯಾರಕರ ವಿಳಾಸದ ಜೊತೆ ಜಿಪ್ ಕೋಡ್ ಇದ್ದರೆ, ಮುಂದೆ ಎಷ್ಟೇ ಹಳೇ ಕಾಲದ ಮೀಸೆಯ ಗಂಡಸಿನ ಚಿತ್ರ ಇರಲಿ, ಅದು ಅರವತ್ತರ ದಶಕಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ.

ಕಾಗದವೂ ಇಲ್ಲ, ಸೆಲ್ಯುಲಾಯ್ಡೂ ಇಲ್ಲ, ಬಣ್ಣ ನೇರವಾಗಿ ತಗಡಿನ ಮೇಲೇ ಇದೆಯೇ? ಅದು ಲಿಥೋ. ಮೊದಲ ಮಹಾಯುದ್ಧದ ಹೊತ್ತಿಗೆ ಶುರುವಾದ, ಬಹಳ ಅಗ್ಗದ ವಿಧಾನ. ಲಕ್ಷಗಟ್ಟಲೆ ಬೇಕಾದಾಗ ಇದನ್ನೇ ಬಳಸುತ್ತಿದ್ದರು. ಕೆರೆದರೆ ಬಣ್ಣ ಎದ್ದು ತಗಡು ಕಾಣುತ್ತದೆ. ಹಾಗಂತ ಪರೀಕ್ಷೆ ಮಾಡಲು ಕೆರೆಯಬೇಡಿ ಮಹಾರಾಯರೇ, ಅಂಚಿನಲ್ಲಿ ಈಗಾಗಲೇ ಬಿದ್ದಿರುವ ಗೀರನ್ನು ನೋಡಿದರೆ ಸಾಕು.

ಈಗ ಮುಖಕ್ಕೆ ಬರೋಣ. ತಮಾಷೆ ಬ್ಯಾಡ್ಜ್‌ಗಳ ಕತೆ ನನಗೆ ಚುನಾವಣೆ ಬ್ಯಾಡ್ಜ್‌ಗಳಿಗಿಂತ ಹೆಚ್ಚು ಇಷ್ಟ. ಚುನಾವಣೆಯದು ಯಾರೋ ದುಡ್ಡು ಕೊಟ್ಟು ಹೇಳಿಸಿದ ಮಾತು, ಜೋಕು ಮಾತ್ರ ಜನರೇ ಇಷ್ಟಪಟ್ಟು ಸಿಕ್ಕಿಸಿಕೊಂಡದ್ದು. ಆದರೂ ಇದನ್ನು ಮನೆಮನೆಗೆ ಮುಟ್ಟಿಸಿದ್ದು ಸಿಗರೇಟು ಮತ್ತು ಚ್ಯೂಯಿಂಗ್ ಗಮ್ ಕಂಪನಿಗಳು. 1896ರ ಸುಮಾರಿಗೆ ನ್ಯೂಯಾರ್ಕ್ ಪತ್ರಿಕೆಗಳಲ್ಲಿ 'ಯೆಲ್ಲೋ ಕಿಡ್' ಅನ್ನುವ ಬೋಳುತಲೆಯ, ಹಳದಿ ನಿಲುವಂಗಿಯ ಹುಡುಗನ ಕಾರ್ಟೂನು ಬಹಳ ಜನಪ್ರಿಯವಾಗಿತ್ತು. ರಿಚರ್ಡ್ ಔಟ್‌ಕಾಲ್ಟ್ ಬರೆದದ್ದು. ಹೈ ಅಡ್ಮಿರಲ್ ಸಿಗರೇಟಿನವರು ಆ ಹುಡುಗನ ಬ್ಯಾಡ್ಜ್‌ಗಳ ಸರಣಿಯನ್ನೇ ಹೊರತಂದರು. ಇನ್ನೊಂದು ಬೇಕಲ್ಲ, ಮತ್ತೊಂದು ಬೇಕಲ್ಲ ಅಂತ ಜನ ಕೊಳ್ಳುತ್ತಾ ಹೋದರು. ಮಕ್ಕಳಿಗೆ ಇಷ್ಟವಾಗುವ ಚಿತ್ರವನ್ನು ಹೊಗೆಸೊಪ್ಪು ಮಾರಲು ಬಳಸಿದ್ದು ಈಗ ನೋಡಿದರೆ ಮುಜುಗರವೇ.

ಐವತ್ತು ವರ್ಷದ ನಂತರ ಅದೇ ಉಪಾಯ ಬೆಳಗಿನ ತಿಂಡಿಗೆ ಬಂತು. 1945ರಿಂದ 1947ರವರೆಗೆ ಕೆಲಾಗ್ಸ್‌ನ ಪೆಪ್ ಅನ್ನುವ ಸಿರಿಯಲ್ ಡಬ್ಬದಲ್ಲಿ ಕಾರ್ಟೂನು ಪಾತ್ರಗಳ ಪುಟ್ಟ ಲಿಥೋ ಬ್ಯಾಡ್ಜ್ ಇರುತ್ತಿತ್ತು. ಒಟ್ಟು ಐದು ಸೆಟ್, ಒಂದೊಂದರಲ್ಲಿ 18. ಗುಣಿಸಿದರೆ 90 ಆಗಬೇಕು, ಆದರೆ ಸಂಗ್ರಹಕಾರರು 86 ಅನ್ನುತ್ತಾರೆ, ಯಾಕೆಂದರೆ ಸೂಪರ್‌ಮ್ಯಾನ್ ಐದೂ ಸೆಟ್‌ನಲ್ಲಿ ಇದ್ದ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಇವನ್ನೇ. ಬೇಕಾದಷ್ಟು ಸಿಗುತ್ತವೆ, ಕಾಲ ಖಚಿತ, ಪಟ್ಟಿ ಪೂರ್ತಿ ಇದೆ.

ಬರೀ ಮಾತು ಬರೆದ ಬ್ಯಾಡ್ಜ್ ಆದರೆ ಆ ಮಾತಿನ ಕಾಲವನ್ನು ಹುಡುಕಿ. ಪೋಲಿ ಮಾತುಗಳಿಗೆ ಆಯಸ್ಸು ಕಡಿಮೆ. '23 ಸ್ಕಿಡೂ' ಅಂದರೆ 'ಇಲ್ಲಿಂದ ಜಾಗ ಖಾಲಿ ಮಾಡು' ಅಂತ. 1906ರ ಆಸುಪಾಸಿನಲ್ಲಿ ಅದನ್ನು ಆಡದ ಅಮೆರಿಕನ್ ಹುಡುಗ ಇರಲಿಲ್ಲವೇನೋ, ಆಮೇಲೆ ಅದು ಅಜ್ಜಂದಿರ ಮಾತಾಯಿತು. 1940ರಲ್ಲಿ ರೂಸ್‌ವೆಲ್ಟ್ ಮೂರನೇ ಸಲ ನಿಂತಾಗ ಎದುರಾಳಿ ವಿಲ್ಕಿ ಕಡೆಯವರು ಕುಚೋದ್ಯದ ಬ್ಯಾಡ್ಜ್‌ಗಳನ್ನು ರಾಶಿ ರಾಶಿ ಹಂಚಿದರು. 'ನಮಗೆ ಎಲಿನಾರ್ ಕೂಡ ಬೇಡ' ಅಂತ ಅಧ್ಯಕ್ಷರ ಹೆಂಡತಿಯನ್ನೂ ಬಿಡಲಿಲ್ಲ! ಇಂಥದ್ದು ಸಿಕ್ಕರೆ ವರ್ಷ ಹುಡುಕುವ ಕೆಲಸವೇ ಇಲ್ಲ.

ಎಲ್ಲರನ್ನೂ ದಾರಿ ತಪ್ಪಿಸುವುದು ಹಳದಿ ನಗುಮುಖ. ಹಾರ್ವಿ ಬಾಲ್ ಅನ್ನುವ ಕಲಾವಿದ 1963ರಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್‌ನಲ್ಲಿ ಒಂದು ವಿಮಾ ಕಂಪನಿಗೆ ಅದನ್ನು ಬರೆದುಕೊಟ್ಟ. ನೌಕರರ ಮನಸ್ಸು ಸ್ವಲ್ಪ ಹಗುರಾಗಲಿ ಅಂತ ಕಂಪನಿ ಬರೆಸಿದ್ದು. ಅವನಿಗೆ ಸಿಕ್ಕಿದ್ದು 45 ಡಾಲರ್, ಹಕ್ಕನ್ನು ಅವನು ಕಾದಿರಿಸಿಕೊಳ್ಳಲೇ ಇಲ್ಲ. 1970ರ ಹೊತ್ತಿಗೆ ಫಿಲಡೆಲ್ಫಿಯಾದ ಸ್ಪೇನ್ ಸಹೋದರರು ಅದನ್ನು ಎತ್ತಿಕೊಂಡು ವ್ಯಾಪಾರಕ್ಕಿಳಿದರು. 1972ರೊಳಗೆ ಅಮೆರಿಕದಲ್ಲಿ 5 ಕೋಟಿಗೂ ಹೆಚ್ಚು ನಗುಮುಖದ ಬ್ಯಾಡ್ಜ್ ಮಾರಾಟವಾದವು. ಈ ಲೆಕ್ಕ ನೆನಪಿದ್ದರೆ '1963ರ ಮೂಲ ನಗುಮುಖ' ಅಂತ ಯಾರಾದರೂ ಬೆಲೆ ಏರಿಸಿದಾಗ ಏನು ಹೇಳಬೇಕು ಅಂತ ನಿಮಗೇ ಗೊತ್ತಾಗುತ್ತದೆ. ನಿಮ್ಮ ಕೈಲಿರುವುದು ಎಪ್ಪತ್ತರ ದಶಕದ್ದು ಅಂತಲೇ ಇಟ್ಟುಕೊಳ್ಳಿ, ಬೇರೆ ಪುರಾವೆ ಸಿಗುವವರೆಗೆ.

ನಕಲಿನ ಬಗ್ಗೆ. ಒಂದು ಭೂತಗನ್ನಡಿ ಕೊಂಡುಕೊಳ್ಳಿ. ಹಳೆಯ ಬ್ಯಾಡ್ಜ್‌ನ ಫೋಟೋ ತೆಗೆದು ಮತ್ತೆ ಅಚ್ಚು ಹಾಕಿದ್ದರೆ ಅಕ್ಷರದ ಅಂಚು ಮಸುಕಾಗಿರುತ್ತದೆ, ಗಟ್ಟಿ ಬಣ್ಣ ಇರಬೇಕಾದ ಕಡೆ ಚುಕ್ಕಿ ಚುಕ್ಕಿ ಕಾಣುತ್ತದೆ. ಕೆಲವು ನಕಲುಗಳಲ್ಲಿ ಮೂಲದ ಗೀರು, ಕಲೆಗಳೂ ಅಚ್ಚಾಗಿರುತ್ತವೆ. ಬೆರಳಿಗೆ ಗೀರು ಸಿಗುವುದಿಲ್ಲ, ಕಣ್ಣಿಗೆ ಕಾಣುತ್ತದೆ, ಅಲ್ಲೇ ಸಿಕ್ಕಿಬಿದ್ದಂತೆ. ಮೊದಲು ಸೆಲ್ಯುಲಾಯ್ಡ್‌ನಲ್ಲಿ ಬಂದಿದ್ದ ಬ್ಯಾಡ್ಜ್ ನಿಮಗೆ ಲಿಥೋದಲ್ಲಿ ಸಿಕ್ಕಿದರೂ ಅನುಮಾನಪಡಿ. 1972ರಲ್ಲಿ ಅಮೆರಿಕನ್ ಆಯಿಲ್ ಕಂಪನಿ ಹಳೆಯ ಚುನಾವಣೆ ಬ್ಯಾಡ್ಜ್‌ಗಳನ್ನು ಹೀಗೆ ಲಿಥೋದಲ್ಲಿ ಮರುಮುದ್ರಿಸಿತ್ತು. ಮೋಸ ಮಾಡುವ ಉದ್ದೇಶವೇನಲ್ಲ, ಅಂಚಿನಲ್ಲಿ ಗುರುತೂ ಹಾಕಿದ್ದರು, ಆದರೆ ಆ ಗುರುತನ್ನು ಉಜ್ಜಿ ತೆಗೆದು ಮಾರುವವರು ಇರುತ್ತಾರಲ್ಲ. 1973ರ ಹಾಬಿ ಪ್ರೊಟೆಕ್ಷನ್ ಕಾಯ್ದೆಯ ಪ್ರಕಾರ ಅಮೆರಿಕದಲ್ಲಿ ನಕಲಿ ರಾಜಕೀಯ ಬ್ಯಾಡ್ಜ್ ಮೇಲೆ ಅದನ್ನು ತಯಾರಿಸಿದ ವರ್ಷ ಇರಲೇಬೇಕು. ರಾಜಕೀಯದ್ದಕ್ಕೆ ಮಾತ್ರ. ಜೋಕಿನ ಬ್ಯಾಡ್ಜ್‌ಗೆ ಆ ರಕ್ಷಣೆ ಇಲ್ಲ, ಭೂತಗನ್ನಡಿಯೇ ಗತಿ.

ವಯಸ್ಸು ಪತ್ತೆಯಾದ ಮೇಲೆ ಹೊಳಪು ಬರಲಿ ಅಂತ ಸುಮ್ನೆ ನೀರಲ್ಲಿ ಅದ್ದಬೇಡಿ. ಉಂಗುರದ ಸಂದಿಯಿಂದ ನೀರು ಒಳಗೆ ಹೋಗಿ ಕಾಗದದ ಮೇಲೆ ಕಂದು ಕಲೆ ಹಬ್ಬುತ್ತದೆ, ಅದು ಹೋಗುವುದಿಲ್ಲ, ತಗಡಿಗೆ ತುಕ್ಕೂ ಹಿಡಿಯುತ್ತದೆ. ಮೆತ್ತನೆಯ ಒಣ ಬಟ್ಟೆ ಸಾಕು. ಬಿಸಿಲು, ಪಿವಿಸಿ ಕವರು ಎರಡೂ ಬೇಡ. ಸೆಲ್ಯುಲಾಯ್ಡ್ ಬೇಗ ಬೆಂಕಿ ಹಿಡಿಯುವ ವಸ್ತು ಅನ್ನುವುದೂ ನೆನಪಿರಲಿ, ಅಸಲಿ ಸೆಲ್ಯುಲಾಯ್ಡ್ ಹೌದೋ ಅಲ್ಲವೋ ತಿಳಿಯಲು 'ಬಿಸಿ ಸೂಜಿ ಚುಚ್ಚಿ ನೋಡಿ' ಅಂತ ಯಾರಾದರೂ ಸಲಹೆ ಕೊಟ್ಟರೆ ಖಂಡಿತ ಕೇಳಬೇಡಿ.