ಪರ್ಫೆಕ್ಷನಿಸಂ: ಮಾತ್ರೆಯ ಕಡೆ ಮನಸ್ಸು ವಾಲುವುದು ಯಾವಾಗ?

ನೂರಕ್ಕೆ 96 ಬಂದಿದ್ದರೂ, ಉಳಿದ ನಾಲ್ಕು ಎಲ್ಲಿ ಹೋಯಿತು ಎಂದು ಉತ್ತರ ಪತ್ರಿಕೆಯನ್ನು ತಿರುವಿ ತಿರುವಿ ನೋಡುವ ವಿದ್ಯಾರ್ಥಿಗಳಿದ್ದಾರೆ ಅಲ್ವಾ? ಒಂದಿಷ್ಟೂ ಕೊರತೆ ಇರಬಾರದು, ಇದ್ದರೆ ಮಾಡಿದ್ದೆಲ್ಲ ದಂಡ ಎನ್ನುವ ಈ ಸ್ವಭಾವವೇ ಪರ್ಫೆಕ್ಷನಿಸಂ. ಅಚ್ಚುಕಟ್ಟುತನವೇ ಬೇರೆ, ಇದೇ ಬೇರೆ. ಅಚ್ಚುಕಟ್ಟಾಗಿ ಮಾಡುವವರು ಕೆಲಸ ಮುಗಿಸುತ್ತಾರೆ. ಇವರು ಮೊದಲ ಪುಟವನ್ನೇ ಹರಿದು ಹರಿದು ಬರೆಯುತ್ತಾ, ಅಸೈನ್‌ಮೆಂಟ್ ಕೊಡುವ ದಿನವನ್ನೇ ದಾಟಿಸಿಬಿಡುತ್ತಾರೆ.

ಮನಃಶಾಸ್ತ್ರಜ್ಞರಾದ ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ 1991ರಲ್ಲಿ ಇದರ ಮೂರು ಬಗೆಗಳನ್ನು ಗುರುತಿಸಿದರು. ತನ್ನಲ್ಲಿ ಕೊರತೆ ಇರಬಾರದು ಎಂದು ತಾನೇ ಬಯಸುವುದು ಒಂದು, ಬೇರೆಯವರಲ್ಲಿ ಇರಬಾರದು ಎಂದು ಬಯಸುವುದು ಇನ್ನೊಂದು. ಮೂರನೆಯದು, 'ನಾನು ತಪ್ಪೇ ಮಾಡಬಾರದು ಅಂತ ಎಲ್ಲರೂ ಬಯಸುತ್ತಿದ್ದಾರೆ' ಎಂಬ ಭಾವನೆ. ಜಾಸ್ತಿ ಹಿಂಡುವುದು ಈ ಮೂರನೆಯದೇ. ಅಮೆರಿಕ, ಕೆನಡಾ, ಬ್ರಿಟನ್‌ಗಳ ಕಾಲೇಜು ವಿದ್ಯಾರ್ಥಿಗಳಲ್ಲಿ 1989ರಿಂದ 2016ರ ನಡುವೆ ಹೆಚ್ಚು ಏರಿದ್ದೂ ಇದೇ.

ಬುದ್ಧಿ ಚುರುಕಾಗುತ್ತದೆಂದು ನಂಬಿ ನುಂಗುವ 'ಸ್ಮಾರ್ಟ್ ಡ್ರಗ್ಸ್' ಮಾತ್ರೆಗಳ ಬಗ್ಗೆ ಒಲವು ಹುಟ್ಟುವುದೂ ಇಲ್ಲಿಯೇ ಎಂದು ನನಗನಿಸುತ್ತದೆ. ಕಲಿಯುವ ಆಸೆ ಇರುವವರಿಗೆ ಪುಸ್ತಕ ಸಾಕು. ಸೋತರೆ ಮುಖ ತೋರಿಸುವುದು ಹೇಗೆ ಎಂಬ ಹೆದರಿಕೆ ಇರುವವರಿಗೆ ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರೆ ಮೋಸ ಅನಿಸುವುದಿಲ್ಲ, ಆಸರೆ ಅನಿಸುತ್ತದೆ. ಈ ಮಾತ್ರೆಗಳು ಬುದ್ಧಿಗೆಂದು ಬಂದವೇ ಅಲ್ಲ. ರಿಟಲಿನ್, ಆಡರಾಲ್ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ, ಚಡಪಡಿಕೆಯ ತೊಂದರೆ ಇರುವವರಿಗೆ ಕೊಡುವ ಔಷಧಿಗಳು. ಮೊಡಾಫಿನಿಲ್ ಹಗಲಲ್ಲಿ ತಡೆಯಲಾರದ ನಿದ್ದೆ ಬರುವ ಕಾಯಿಲೆಗೆ ಕೊಡುವಂಥದ್ದು.

ಆರೋಗ್ಯವಂತರಿಗೆ ಇವು ಏನು ಮಾಡುತ್ತವೆ? 2023ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 40 ಜನರಿಗೆ ಕಷ್ಟದ ಲೆಕ್ಕವೊಂದನ್ನು ಕೊಟ್ಟರು. ಇಂತಿಷ್ಟೇ ತೂಕ ಹಿಡಿಯುವ ಚೀಲಕ್ಕೆ ಹೆಚ್ಚು ಬೆಲೆಯ ವಸ್ತುಗಳನ್ನು ಆರಿಸಿ ತುಂಬಬೇಕು. ಮಾತ್ರೆ ತಿಂದಾಗ ಹೆಚ್ಚು ಹೊತ್ತು ಕೂತರು, ವಸ್ತುಗಳನ್ನು ಹೆಚ್ಚು ಸಲ ಅತ್ತಿತ್ತ ಮಾಡಿದರು. ಆದರೆ ಆಯ್ಕೆಯ ಗುಣಮಟ್ಟವೇ ಇಳಿಯಿತು. ಮಾತ್ರೆಯಿಲ್ಲದೆ ಚೆನ್ನಾಗಿ ಮಾಡಿದವರೇ ಹೆಚ್ಚಾಗಿ ಹಿಂದೆ ಬಿದ್ದರು. ಅಂದರೆ ಹುರುಪು ಏರುತ್ತದೆ, ಜಾಣತನ ಅಲ್ಲ. ಮೇಲಾಗಿ ನಿದ್ದೆ ಕೆಡಬಹುದು, ಎದೆ ಬಡಿತ ಏರಬಹುದು, ಆತಂಕ ಹೆಚ್ಚಬಹುದು. ಆತಂಕ ಮೊದಲೇ ಇರುವವರಿಗೆ ಇದು ದೊಡ್ಡ ಪೆಟ್ಟು.

ಎಡಿಎಚ್‌ಡಿಗಾಗಿ ವೈದ್ಯರ ನಿಗಾದಲ್ಲಿ ಇದೇ ಮಾತ್ರೆ ತೆಗೆದುಕೊಳ್ಳುವವರನ್ನು ದಯವಿಟ್ಟು ಈ ಸಾಲಿಗೆ ಸೇರಿಸಬೇಡಿ. ಅದು ಅವರಿಗೆ ಚಿಕಿತ್ಸೆ. ಸುಮ್ನೆ ಅನುಮಾನದಿಂದ ನೋಡಿದರೆ ಅವರು ಔಷಧಿಯನ್ನೇ ಬಚ್ಚಿಡುವಂತಾಗುತ್ತದೆ.