ಹಳದಿ ಹೂವಿನ ವೆಡೇಲಿಯಾ ಎಷ್ಟು ಕಿತ್ತರೂ ಯಾಕೆ ಮತ್ತೆ ಬರ್ತೈತೆ?

ದಾವಣಗೆರೆಯಿಂದ ಓದುಗರೊಬ್ಬರು ಕೇಳಿದಾರೆ: "ಮನೆ ಮುಂದೆ ನೆಲ ಮುಚ್ಚಲಿ ಅಂತ ನರ್ಸರಿಯಿಂದ ಹಳದಿ ಹೂವಿನ ಬಳ್ಳಿ ತಂದು ಹಚ್ಚಿದ್ವಿ, ಈಗ ದಾಸವಾಳದ ಬುಡ, ಕರಿಬೇವಿನ ಬುಡ ಎಲ್ಲಾ ನುಂಗಿ ಕಾಂಪೌಂಡ್ ದಾಟೈತೆ, ಎಷ್ಟು ಕಿತ್ತರೂ ಬರ್ತೈತೆ, ಉಪ್ಪು ಸುರಿದ್ರೆ ಸಾಯ್ತೈತಾ?"

ಉಪ್ಪು ಮಾತ್ರ ಬ್ಯಾಡ್ರಿ. ನಮ್ಮ ಕಡೆ ಬೋರ್ ನೀರು ಮೊದಲೇ ಗಡಸು, ಅದರ ಮೇಲೆ ಉಪ್ಪೂ ಸೇರಿದ್ರೆ ಮಣ್ಣು ಕೆಟ್ಟು ನಿಮ್ಮ ಕರಿಬೇವೇ ಒಣಗ್ತೈತೆ. ಕಳೆನಾಶಕಾನೂ ಅಷ್ಟೇ, ಗ್ಲೈಫೋಸೇಟ್‌ಗೆ ಕಳೆ ಯಾವುದು ದಾಸವಾಳ ಯಾವುದು ಅಂತ ಗೊತ್ತಿಲ್ಲ, ಯಾವ ಹಸಿರೆಲೆ ಮೇಲೆ ಬಿತ್ತೋ ಅದಕ್ಕೆ ಪೆಟ್ಟು.

ನೀವು ಹೇಳೋ ಗಿಡ ವೆಡೇಲಿಯಾ. ಮಧ್ಯ ಅಮೆರಿಕ, ಕೆರಿಬಿಯನ್ ಕಡೇದು, ಚಂದಕ್ಕೆ ಅಂತ ದೇಶದೇಶಕ್ಕೆ ಹೋಗಿ ಈಗ ನಿಸರ್ಗ ಕಾಪಾಡೋ ಅಂತಾರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಪಟ್ಟಿ ಮಾಡಿರೋ ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳೊಳಗೆ ಇದೂ ಒಂದು. ಲಂಟಾನಾನೂ ಬ್ರಿಟಿಷರ ಕಾಲದಾಗೆ ಹೂವಿನ ಚಂದಕ್ಕೇ ಬಂದಿದ್ದು, ಅದು ಹೆಂಗೆ ಹಬ್ಬೈತೆ ಅಂತ ಬಂಡೀಪುರದ ಕಾಡು ನೋಡಿದೋರಿಗೆ ಬಿಡಿಸಿ ಹೇಳೋದು ಬ್ಯಾಡ.

ಇದು ಹಬ್ಬೋದು ಬೀಜಕ್ಕಿಂತ ಹೆಚ್ಚಾಗಿ ಗಂಟಿನಿಂದ. ಒಂದು ತುಂಡು ಕೈಯಾಗೆ ಹಿಡಿದು ನೋಡ್ರಿ, ಎಲೆ ಜೋಡಿ ಹುಟ್ಟೋ ಗಂಟಿನ ಕೆಳಗೆ ಬಿಳಿ ಬೇರು ಸಣ್ಣಗೆ ಮೂತಿ ಚಾಚಿರ್ತೈತೆ, ಆ ಗಂಟು ಹಸಿ ಮಣ್ಣಿಗೆ ತಾಗಿದ್ರೆ ಸಾಕು ಅಲ್ಲೇ ಹೊಸ ಗಿಡ. ಹಂಗಾಗಿ ಕುಡುಗೋಲಾಗೆ ಕೊಚ್ಚಿದ್ರೆ ಕಳೆ ತೆಗೆದಂಗಲ್ಲ, ನಾಟಿ ಮಾಡಿದಂಗೆ. ನಾನೂ ಒಂದ್ಸಲ ಕಿತ್ತಿದ್ದನ್ನೆಲ್ಲಾ ಗೊಬ್ಬರದ ಗುಂಡಿಗೆ ಹಾಕಿಬಿಟ್ಟೆ, ಮುಂದಿನ ಮಳೆಗಾಲಕ್ಕೆ ಆ ಗೊಬ್ಬರ ಹಾಕಿದ ಮಲ್ಲಿಗೆ ಕುಂಡದೊಳಗೆಲ್ಲಾ ಅದೇ ಎಲೆ, ಅವತ್ತು ಹೊಟ್ಟೆ ಉರಿದುಹೋಯ್ತು.

ಈಗ ಮಾಡೋದು ಇಷ್ಟು. ಎರೆ ಮಣ್ಣಾದ್ರೆ ಒಣಗಿದಾಗ ಕಲ್ಲು, ನೆನೆದಾಗ ಕೈಕಾಲಿಗೆಲ್ಲಾ ಅಂಟು, ಅದಕ್ಕೆ ನೀರು ಬಿಟ್ಟು ಒಂದೆರಡು ದಿನ ಕಾದು ಹದ ಬಂದ ಮೇಲೆ ಕೂತ್ಕೊಂಡು ಕಳೆ ಕೀಳೋ ಕುರ್ಚಿಗಿಯಿಂದ ಬಳ್ಳಿ ಹೋದ ದಾರಿ ಹಿಡಿದು ಒಂದೊಂದೇ ಗಂಟು ಬೇರು ಸಮೇತ ಎಬ್ಬಿಸ್ರಿ, ಎಳೆದು ಹರೀಬ್ಯಾಡ್ರಿ. ಕಿತ್ತಿದ್ದನ್ನ ತಾರಸಿ ಮೇಲೆ ಹರವಿ ಮುಟ್ಟಿದ್ರೆ ಪುಡಿಯಾಗೋ ತನಕ ಒಣಗಿಸ್ರಿ, ಏಪ್ರಿಲ್ ಮೇ ಬಿಸಿಲು ಇದಕ್ಕೆ ಛಲೋ. ದಯವಿಟ್ಟು ಖಾಲಿ ಸೈಟಿಗೋ ಭದ್ರಾ ಚಾನಲ್ಲಿಗೋ ಎಸೀಬ್ಯಾಡ್ರಿ, ತೇವ ಅಂದ್ರೆ ಇದಕ್ಕೆ ಪ್ರಾಣ, ನೀರಾಗೆ ತೇಲ್ಕೊಂಡು ಹೋದ ತುಂಡು ಯಾರದೋ ಗದ್ದೆ ಬದುವಿನ ಮೇಲೆ ಬೇರು ಬಿಡ್ತೈತೆ, ಆ ರೈತ ಏನು ಪಾಪ ಮಾಡಿದ್ದ?

ಕಿತ್ತ ಜಾಗಕ್ಕೆ ದಪ್ಪ ರಟ್ಟು ಒಂದರ ಮೇಲೊಂದು ಬರೋ ಹಂಗೆ ಹಾಸಿ, ಮೇಲೆ ಶೇಂಗಾ ಸಿಪ್ಪೆನೋ ಒಣ ಎಲೆನೋ ಹರವ್ರಿ, ಬೆಳಕು ಬೀಳಬಾರ್ದು. ಗಿಡದ ಬುಡಕ್ಕೆ ಮಾತ್ರ ರಟ್ಟು ತಾಗಿಸಬ್ಯಾಡ್ರಿ. ಮಳೆಗಾಲ ಮುಗಿಯೋವರೆಗೂ ವಾರಕ್ಕೊಮ್ಮೆ ಅಂಚು ನೋಡಿ ಕಂಡ ಚಿಗುರು ಕೀಳ್ತಿರ್ಬೇಕು.

ಪಕ್ಕದ ಮನೆಯೋರ ಹತ್ರಾನೂ ಮಾತಾಡ್ರಿ, ಕಾಂಪೌಂಡ್ ಆಚೆ ಹೋದದ್ದನ್ನ ನೀವೇ ಹೋಗಿ ಕಿತ್ತುಕೊಡ್ರಿ, ಇಲ್ಲಾಂದ್ರೆ ಅದು ಅಲ್ಲಿಂದ ವಾಪಸ್ ಬರ್ತೈತೆ. ನೆಲ ಖಾಲಿ ಅನ್ನಿಸಿದ್ರೆ ಆಮೇಲೆ ದೊಡ್ಡಪತ್ರೆ ಹಚ್ರಿ, ತಂಬುಳಿಗೂ ಆಗ್ತೈತೆ.