ಕೈಗೆಟುಕುವ ಪ್ರಶ್ನೆಗಳು: ಉದ್ಯಾನದಲ್ಲಿ ಮಕ್ಕಳೊಂದಿಗೆ

ಉದ್ಯಾನಕ್ಕೆ ಬಂದ ನಾಲ್ಕೈದು ವರ್ಷದ ಮಗು ಜಾರುಬಂಡಿಯತ್ತ ಓಡುತ್ತಿದ್ದದ್ದು ನಡುದಾರಿಯಲ್ಲೇ ಕುಕ್ಕರಗಾಲಿನಲ್ಲಿ ಕುಳಿತುಬಿಡುತ್ತದೆ. ಅದರ ಕಣ್ಣು ಕಾಲುದಾರಿಯನ್ನು ಅಡ್ಡ ಹಾಯುತ್ತಿರುವ ಇರುವೆಸಾಲಿನ ಮೇಲೆ ನೆಟ್ಟಿರುತ್ತದೆ. ಜೊತೆಗಿರುವ ಹಿರಿಯರು ಆಗ ಸಾಮಾನ್ಯವಾಗಿ ಎರಡರಲ್ಲೊಂದನ್ನು ಮಾಡುತ್ತಾರೆ: ಆಟಕ್ಕೆ ಹೊತ್ತಾಯಿತೆಂದು ಕೈಹಿಡಿದು ಎಬ್ಬಿಸುತ್ತಾರೆ, ಇಲ್ಲವೇ ಇರುವೆಗಳ ಬಗ್ಗೆ ತಮಗೆ ತಿಳಿದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಎರಡರಿಂದಲೂ ಮಗುವಿನ ಪ್ರಶ್ನೆ ಅದರ ಕೈಜಾರಿ ಹೋಗುತ್ತದೆ. ಆಟ ಬೇರೆ, ಪಾಠ ಬೇರೆ ಎಂದು ನಾವು ಎಳೆದುಕೊಂಡಿರುವ ಗೆರೆ ಮಗುವಿಗೆ ಕಾಣಿಸುವುದೇ ಇಲ್ಲ; ಉದ್ಯಾನದಲ್ಲಂತೂ ಆ ಗೆರೆಗೆ ಅರ್ಥವೇ ಇಲ್ಲವೆಂದು ನಾನು ನಂಬಿದ್ದೇನೆ. ಅಲ್ಲಿ ಹಿರಿಯರು ಮಾಡಬಹುದಾದ ಅತ್ಯುತ್ತಮ ಕೆಲಸವೆಂದರೆ ಉತ್ತರವನ್ನು ತುಸು ಹೊತ್ತು ತಡೆಹಿಡಿದು, ಮಗು ತನ್ನ ಕೈಯಾರೆ ಪರೀಕ್ಷಿಸಬಹುದಾದ ಪ್ರಶ್ನೆಯೊಂದನ್ನು ಅದರ ಮುಂದಿಡುವುದು.

ಇರುವೆಸಾಲನ್ನೇ ತೆಗೆದುಕೊಳ್ಳೋಣ. ಈ ಇರುವೆಗಳಿಗೆ ದಾರಿ ಗೊತ್ತಾಗುವುದು ಹೇಗೆ? ಕಣ್ಣಿನಿಂದಲೋ, ಮುಂದಿರುವ ಇರುವೆಯನ್ನು ಹಿಂಬಾಲಿಸಿಯೋ, ವಾಸನೆಯಿಂದಲೋ? ಸಾಲಿಗೆ ಅಡ್ಡಲಾಗಿ ಅಂಗುಲದಷ್ಟು ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ, ಸರಾಗವಾಗಿ ಬರುತ್ತಿದ್ದ ಇರುವೆಗಳು ಆ ಅಂಚಿನಲ್ಲಿ ತಡವರಿಸಿ, ಮೀಸೆಗಳನ್ನಾಡಿಸುತ್ತ ಅತ್ತಿತ್ತ ಹುಡುಕಾಡತೊಡಗುತ್ತವೆ. ಇನ್ನೂ ಒಳ್ಳೆಯ ಪರೀಕ್ಷೆಯೊಂದಿದೆ. ಸಾಲಿನ ಮೇಲೆ ಕಾಗದದ ತುಂಡೊಂದನ್ನಿಟ್ಟು, ಇರುವೆಗಳು ಅದರ ಮೇಲೆ ಹಾದುಹೋಗುವುದು ರೂಢಿಯಾಗುವವರೆಗೆ ಕಾಯಬೇಕು; ಆಮೇಲೆ ಕಾಗದವನ್ನು ಮೆಲ್ಲಗೆ ಅಡ್ಡಕ್ಕೆ ತಿರುಗಿಸಬೇಕು. ವಾಸನೆಯ ಜಾಡು ಹಿಡಿದು ನಡೆಯುವ ಜಾತಿಯ ಇರುವೆಗಳಾದರೆ, ಹಲವು ತಿರುಗಿದ ಜಾಡನ್ನೇ ನಂಬಿ ಕಾಗದದ ತಪ್ಪು ಅಂಚಿಗೆ ಬಂದು ನಿಲ್ಲುತ್ತವೆ. ಇರುವೆಗಳು ತಮ್ಮ ದೇಹದಿಂದ ನೆಲಕ್ಕೆ ಸವರುವ ಫೆರೊಮೋನ್ ಎಂಬ ರಾಸಾಯನಿಕವೇ ಈ ಜಾಡು ಎಂಬುದನ್ನು ಅಷ್ಟಾದ ಮೇಲೆ ಹೇಳಿದರೆ ಸಾಕು, ಏಕೆಂದರೆ ಆಗ ಅದು ಮಗು ಕಂಡದ್ದಕ್ಕೆ ಕೊಟ್ಟ ಹೆಸರಾಗಿರುತ್ತದೆ. ಎಲ್ಲ ಇರುವೆಗಳೂ ಹೀಗಲ್ಲ ಎಂಬುದನ್ನೂ ಸೇರಿಸಬೇಕು. ಸಹಾರಾದ ಮರಳುಗಾಡಿನ ಒಂದು ಜಾತಿಯ ಇರುವೆ ದಿಕ್ಕನ್ನು ಆಕಾಶದ ಬೆಳಕಿನಿಂದಲೂ, ದೂರವನ್ನು ಹೆಜ್ಜೆಗಳ ಲೆಕ್ಕದಿಂದಲೂ ಅಳೆಯುತ್ತದೆ. 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆಹಾರ ಸಿಕ್ಕ ಇರುವೆಗಳ ಕಾಲಿಗೆ ಮರಗಾಲುಗಳಂತೆ ಪುಟ್ಟ ಕಡ್ಡಿ ಅಂಟಿಸಿ ಕಾಲುಗಳನ್ನು ಉದ್ದ ಮಾಡಿದಾಗ, ಅವು ಹಿಂದಿರುಗುವಾಗ ಗೂಡನ್ನು ದಾಟಿ ಮುಂದೆ ಹೋಗಿಬಿಟ್ಟವು. ಈ ಕಥೆಯನ್ನು ಕೇಳಿದ ಮಗು ತನ್ನ ಹೆಜ್ಜೆಗಳನ್ನು ಎಣಿಸುತ್ತಲೇ ಜಾರುಬಂಡಿಯವರೆಗೆ ಹೋದರೆ ಆಶ್ಚರ್ಯವಿಲ್ಲ.

ಜೋಕಾಲಿಯ ಬಳಿ ಇನ್ನೊಂದು ಪ್ರಶ್ನೆ ಕಾದಿರುತ್ತದೆ: ದಪ್ಪಗಿರುವ ಅಣ್ಣ ಬೇಗ ತೂಗುತ್ತಾನೋ, ಸಣ್ಣ ತಂಗಿಯೋ? ಹೆಚ್ಚಿನವರು, ಹಿರಿಯರೂ ಸೇರಿದಂತೆ, ಭಾರದವರೇ ಬೇಗ ಎಂದು ಊಹಿಸುತ್ತಾರೆ. ಇಬ್ಬರನ್ನೂ ಒಂದೇ ಎತ್ತರದಿಂದ ತಳ್ಳದೆ ಬಿಟ್ಟು, ಕಾಲಾಡಿಸದೆ ಸುಮ್ಮನೆ ಕುಳಿತಿರಲು ಹೇಳಿ, ಹತ್ತು ತೂಗಾಟಕ್ಕೆ ಎಷ್ಟು ಸೆಕೆಂಡು ಹಿಡಿಯಿತೆಂದು ಗಡಿಯಾರ ನೋಡಿದರೆ ಎರಡು ಲೆಕ್ಕಗಳೂ ಹತ್ತಿರಹತ್ತಿರ ಒಂದೇ ಬರುತ್ತವೆ. ಭಾರ ಹೆಚ್ಚಿದಷ್ಟೂ ಭೂಮಿಯ ಸೆಳೆತ ಹೆಚ್ಚುತ್ತದೆ ನಿಜ, ಆದರೆ ಆ ದೇಹವನ್ನು ಚಲಿಸುವಂತೆ ಮಾಡುವ ಕಷ್ಟವೂ ಅಷ್ಟೇ ಹೆಚ್ಚುತ್ತದೆ. ಒಂದು ಇನ್ನೊಂದನ್ನು ಸರಿದೂಗಿಸುತ್ತದೆ. ತೂಗಾಟದ ಅವಧಿಯನ್ನು ನಿರ್ಧರಿಸುವುದು ಮುಖ್ಯವಾಗಿ ಉದ್ದ, ಅಂದರೆ ಮೇಲಿನ ಕೊಂಡಿಯಿಂದ ಕುಳಿತವರ ದೇಹದ ಭಾರವೆಲ್ಲ ಒಂದೆಡೆ ನೆಲೆಸಿದಂತಿರುವ ಬಿಂದುವಾದ ಗುರುತ್ವ ಕೇಂದ್ರದವರೆಗಿನ ಅಂತರ. ಅದು 2 ಮೀಟರ್ ಇದ್ದರೆ ಒಮ್ಮೆ ಹೋಗಿ ಬರಲು ಸುಮಾರು 2.8 ಸೆಕೆಂಡು ಬೇಕು. ಸ್ವಲ್ಪ ದೊಡ್ಡ ಮಗು ಸರಪಳಿಯನ್ನು ಗಟ್ಟಿಯಾಗಿ ಹಿಡಿದು ಎದ್ದು ನಿಂತರೆ ಅದರ ಗುರುತ್ವ ಕೇಂದ್ರ ಮೇಲೇರಿ ಆ ಅಂತರ ಕುಗ್ಗುತ್ತದೆ, ಜೋಕಾಲಿಯ ಲಯವೂ ಚುರುಕಾಗುತ್ತದೆ. ತನ್ನ ದೇಹದಿಂದಲೇ ನಿಸರ್ಗದ ನಿಯಮವೊಂದನ್ನು ಬದಲಾಯಿಸಿದಂತೆ ಮಗುವಿಗೆ ಅನಿಸುವ ಆ ಗಳಿಗೆ ಬಹಳ ಸುಂದರವಾದದ್ದು, ನಿಜದಲ್ಲಿ ಅದು ಬದಲಾಯಿಸಿದ್ದು ಉದ್ದವನ್ನು ಮಾತ್ರವಾದರೂ.

ಇಷ್ಟೆಲ್ಲ ನಡೆಯುತ್ತಿರುವಾಗ ಮಗುವಿಗೆ ಅರಿವಿಲ್ಲದಂತೆಯೇ ಬೆಳಕು ಮತ್ತು ಮಣ್ಣು ತಮ್ಮ ಕೆಲಸ ಮಾಡುತ್ತಿರುತ್ತವೆ. ಕೋಣೆಯೊಳಗಿನ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ (ಬೆಳಕಿನ ಪ್ರಖರತೆಯ ಅಳತೆಮಾನ) ಇದ್ದರೆ, ನಡುಹಗಲಿನ ಬಿಸಿಲು 1,00,000 ಲಕ್ಸ್‌ನ ಆಸುಪಾಸಿಗೆ ಏರಬಲ್ಲದು. ಚೀನಾದ ಗ್ವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಾಲಾದಿನಗಳಲ್ಲಿ 40 ನಿಮಿಷ ಹೆಚ್ಚಾಗಿ ಹೊರಗೆ ಕಳೆದವರಲ್ಲಿ ಮೂರು ವರ್ಷಗಳಲ್ಲಿ ಶೇ. 30.4ರಷ್ಟು ಮಂದಿಗೆ ಸಮೀಪದೃಷ್ಟಿ, ಅಂದರೆ ದೂರದ್ದು ಮಸುಕಾಗಿ ಕಾಣುವ ದೋಷ, ಬಂದಿತು; ಉಳಿದವರಲ್ಲಿ ಆ ಪ್ರಮಾಣ ಶೇ. 39.5 ಇತ್ತು. ಪ್ರಖರ ಬೆಳಕಿನಲ್ಲಿ ಕಣ್ಣಿನ ಹಿಂಭಾಗದ ಅಕ್ಷಿಪಟಲ ಬಿಡುಗಡೆ ಮಾಡುವ ಡೋಪಮಿನ್ ಎಂಬ ರಾಸಾಯನಿಕ, ಈ ದೋಷಕ್ಕೆ ಕಾರಣವಾಗುವಂತೆ ಕಣ್ಣುಗುಡ್ಡೆ ಅತಿಯಾಗಿ ಉದ್ದವಾಗುವುದನ್ನು ತಡೆಯುತ್ತದೆ ಎಂಬುದು ಇದಕ್ಕೆ ಹೆಚ್ಚಾಗಿ ಕೊಡಲಾಗುವ ವಿವರಣೆ. ಮಣ್ಣಿನ ವಿಷಯಕ್ಕೆ ಬಂದರೆ, ಫಿನ್ಲೆಂಡಿನ ಸಂಶೋಧಕರು ಶಿಶುವಿಹಾರಗಳ ಅಂಗಳಕ್ಕೆ ಕಾಡಿನ ನೆಲದ ಹೊದಿಕೆಯನ್ನು ತಂದು ಹಾಸಿ, 3ರಿಂದ 5 ವರ್ಷದ ಮಕ್ಕಳನ್ನು 28 ದಿನ ಅದರಲ್ಲಿ ಆಡಬಿಟ್ಟರು. ಆ ಮಕ್ಕಳ ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತಲ್ಲದೆ, ರಕ್ತದಲ್ಲಿ ರೋಗನಿರೋಧಕ ವ್ಯವಸ್ಥೆಯ ಸಮತೋಲನವನ್ನು ಸೂಚಿಸುವ ಬದಲಾವಣೆಗಳೂ ಕಂಡುಬಂದವು. 2020ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿದ್ದ ಮಕ್ಕಳು 75 ಮಂದಿ ಮಾತ್ರ; ಆದ್ದರಿಂದ ಮಣ್ಣಾಟ ಕಾಯಿಲೆಗಳನ್ನು ತಡೆಯುತ್ತದೆಂದು ಇದರಿಂದಲೇ ಘೋಷಿಸುವುದು ಅವಸರವಾದೀತು. ಆಟ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯುವ ಅಗತ್ಯವನ್ನಂತೂ ಇದು ಕಡಿಮೆ ಮಾಡುವುದಿಲ್ಲ.

ಮರ ಹತ್ತುವ ಮಗುವನ್ನು ಕಂಡಾಗ ನಮ್ಮ ಬಾಯಿಂದ ತಾನಾಗಿ ಹೊರಡುವ ಮಾತು ‘ಜೋಪಾನ’. ಕಾಳಜಿಯಿಂದ ಬಂದ ಮಾತಾದರೂ ಅದರಲ್ಲಿ ಮಗುವಿಗೆ ಉಪಯೋಗವಾಗುವ ಮಾಹಿತಿ ಏನೂ ಇಲ್ಲ. ‘ಎಡಗಾಲು ಇಟ್ಟಿರುವ ಕೊಂಬೆ ಹಸಿಯದೋ ಒಣಗಿದ್ದೋ ನೋಡು’, ‘ಇಳಿಯುವಾಗ ಮೊದಲು ಯಾವ ಕಾಲು ಇಡುತ್ತೀಯ?’ ಎಂದು ಕೇಳಿದರೆ ಮಗು ತನ್ನ ಅಪಾಯವನ್ನು ತಾನೇ ಅಳೆಯತೊಡಗುತ್ತದೆ. ಎತ್ತರ, ವೇಗ, ಪರಸ್ಪರ ಕುಸ್ತಿ, ಕಣ್ಮರೆಯಾಗಿ ಅಡಗುವುದು ಮುಂತಾದವುಗಳಲ್ಲಿ ಮಕ್ಕಳು ಬೇಕೆಂದೇ ಸ್ವಲ್ಪ ಭಯವನ್ನು ಅರಸುತ್ತಾರೆ ಎಂಬುದನ್ನು ನಾರ್ವೆಯ ಸಂಶೋಧಕಿ ಎಲೆನ್ ಸ್ಯಾಂಡ್‌ಸೆಟರ್ 2007ರಲ್ಲೇ ವರ್ಗೀಕರಿಸಿ ತೋರಿಸಿದ್ದಾರೆ. ಮಗುವಿಗೆ ತಿಳಿಯಲಾಗದ ಅಪಾಯಗಳನ್ನು ನಿವಾರಿಸುವ ಹೊಣೆ ಮಾತ್ರ ಪೂರ್ತಿಯಾಗಿ ನಮ್ಮದು: ತುಕ್ಕು ಹಿಡಿದ ಕೊಂಡಿ, ಬಿಸಿಲಿಗೆ ಕಾದ ಲೋಹದ ಜಾರುಬಂಡಿ, ಬೇರಿನಿಂದ ಹೂವಿನವರೆಗೆ ವಿಷವೇ ಆಗಿರುವ ಕಣಗಿಲೆ ಗಿಡ.

ಕಲ್ಲುಗಳನ್ನು ಎತ್ತಿ ನೋಡುವ ಕೆಲಸವೂ ಹಿರಿಯರು ಜೊತೆಗಿದ್ದು, ಕಲ್ಲಿನ ದೂರದ ಅಂಚನ್ನು ಹಿಡಿದು ತಮ್ಮತ್ತ ಎತ್ತಿ ಮಾಡಬೇಕಾದದ್ದೇ. ಆಗ ಒಳಗಿನ ಪ್ರಾಣಿಗೆ ಆಚೆ ಓಡಲು ದಾರಿ ಇರುತ್ತದೆ. ತೇವವಿರುವ ಕಲ್ಲಿನಡಿ ಹಲವೆಡೆ ಮುಟ್ಟಿದೊಡನೆ ಗೋಲಿಯಂತೆ ಸುತ್ತಿಕೊಳ್ಳುವ ಬೂದುಬಣ್ಣದ ಪುಟ್ಟ ಜೀವಿಯೊಂದು ಸಿಗುತ್ತದೆ. ಏಳು ಜೊತೆ ಕಾಲುಗಳಿದ್ದರೆ ಅದು ಕೀಟವೂ ಅಲ್ಲ, ಸಹಸ್ರಪದಿಯೂ ಅಲ್ಲ. ಸೀಗಡಿ, ಏಡಿಗಳ ಬಳಗಕ್ಕೆ ಸೇರಿ ನೆಲದ ಮೇಲೆ ಬಾಳಲು ಕಲಿತ ಪ್ರಾಣಿ. ಹೊಟ್ಟೆಯಡಿಯ ಅಂಗಗಳಿಂದ ಉಸಿರಾಡುವ ಅದು ಒಣಗಿದ ಗಾಳಿಯಲ್ಲಿ ಬಹಳ ಹೊತ್ತು ಬದುಕಲಾರದು. ಹಾಗಾದರೆ ನೆಲ ಪೂರ್ತಿ ಒಣಗಿದ ದಿನಗಳಲ್ಲಿ ಅದು ಎಲ್ಲಿಗೆ ಹೋಗುತ್ತದೆ? ಮಗುವಿಗೆ ಉತ್ತರ ಹೇಳದೆ, ಕಲ್ಲನ್ನು ಇದ್ದಂತೆಯೇ ಮೆಲ್ಲಗೆ ಮುಚ್ಚಿ, ಮುಂದಿನ ವಾರ ಅದೇ ಕಲ್ಲನ್ನು ಮತ್ತೆ ಎತ್ತಿ ನೋಡಲು ಗುರುತಿಗೊಂದು ಒಣಕಡ್ಡಿಯನ್ನು ಪಕ್ಕದಲ್ಲಿ ನೆಡಲು ಹೇಳಬಹುದು.